ಓದಲಾಗದ ದಾಖಲೆ ಯಾರಿಗಾಗಿ?

ಬೇಸಿಗೆ ಬಂತೆಂದರೆ ನಮ್ಮ ಗಿಲ್‌ರಾಯ್‌ನ ಗಾಳಿಯಲ್ಲಿ ಬೆಳ್ಳುಳ್ಳಿಯ ವಾಸನೆ, ನಮ್ಮ ಸದಸ್ಯರ ಮನೆಗಳಲ್ಲಿ ಊರಿನಿಂದ ಬಂದಿಳಿದ ತಂದೆತಾಯಿಯರ ಮಾತು. ಆ ದಿನಗಳಲ್ಲಿ ಸಂಘದ ಕಾರ್ಯಕ್ರಮ ನಡೆಯುವೆಡೆ ನಾವು ಒಂದು ಮೂಲೆಯಲ್ಲಿ ಮೇಜು ಹಾಕಿಕೊಂಡು ಕುಳಿತುಕೊಳ್ಳುವುದು ರೂಢಿ. ಅಲ್ಲಿ ಔಷಧವನ್ನು ಬರೆದುಕೊಡುವುದಿಲ್ಲ, ಚಿಕಿತ್ಸೆಯನ್ನೂ ಮಾಡುವುದಿಲ್ಲ. ಹಿರಿಯರು ತಂದ ಕಾಗದಪತ್ರಗಳನ್ನು ಓದಿ, ಅವುಗಳ ಅರ್ಥವನ್ನು ಕನ್ನಡದಲ್ಲಿ ತಿಳಿಸಿ, ಇಲ್ಲಿನ ವೈದ್ಯರನ್ನು ಕಾಣುವಾಗ ಏನೇನು ಕೇಳಬೇಕೆಂದು ಹೇಳಿಕಳುಹಿಸುವುದಷ್ಟೇ ನಮ್ಮ ಸೇವೆ. ಈ ಮೇಜಿನ ಮೇಲೆ ಕಂಡ ಒಂದು ಕಾಗದವೇ ಈ ಬರಹಕ್ಕೆ ಕಾರಣ.

ಸದಸ್ಯರೊಬ್ಬರು ತಮ್ಮ ತಾಯಿಯವರನ್ನು ಕರೆತಂದಿದ್ದರು. ತಾಯಿಗೆ ಹಿಂದಿನ ವರ್ಷ ಇಲ್ಲಿಯೇ ಒಂದು ಆಸ್ಪತ್ರೆಯಲ್ಲಿ ಚಿಕಿತ್ಸೆಯಾಗಿತ್ತು. ಮಗ ವೃತ್ತಿಯಿಂದ ತಂತ್ರಾಂಶ ಅಭಿಯಂತರರು. ತಾಯಿಯ ದಾಖಲೆಯನ್ನು ಆಸ್ಪತ್ರೆಯ ಜಾಲತಾಣದಿಂದ ಇಳಿಸಿಕೊಂಡು, ಅದು ಒಂದೇ ಉದ್ದನೆಯ ಸಾಲಾಗಿದ್ದುದನ್ನು ಕಂಡು, ತಾವೇ ಒಂದು ಸಣ್ಣ ಪ್ರೋಗ್ರಾಂ ಬರೆದು ಒಂದೊಂದು ಅಂಶವನ್ನೂ ಬಿಡಿಸಿ ಮುದ್ರಿಸಿ ತಂದಿದ್ದರು. ನೋಡಲು ಅಚ್ಚುಕಟ್ಟಾಗಿಯೇ ಇತ್ತು. ಅಲರ್ಜಿಯ ಭಾಗದಲ್ಲಿ ‘ಪೆನಿಸಿಲಿನ್’ ಎಂಬ ಪದ ಸ್ಪಷ್ಟವಾಗಿ ಕಾಣುತ್ತಿತ್ತು.

“ನಿಮಗೆ ಪೆನಿಸಿಲಿನ್ ಆಗುವುದಿಲ್ಲವೇನಮ್ಮಾ?” ಎಂದು ಕೇಳಿದೆವು.

“ಅಯ್ಯೋ, ಹಾಗಂತ ಯಾರೋ ಯಾವಾಗಲೋ ಬರೆದುಬಿಟ್ಟಿದ್ದರು ಡಾಕ್ಟ್ರೇ. ಹೋದ ವರ್ಷ ಚರ್ಮಕ್ಕೆ ಚುಚ್ಚಿ ಪರೀಕ್ಷೆ ಮಾಡಿ, ನಿಮಗೆ ಅಂಥದ್ದೇನೂ ಇಲ್ಲ ಅಂದರಲ್ಲ!”

ಮಗ ಚಕಿತರಾದರು. “ಅಮ್ಮಾ, ಇದನ್ನ ನನಗೆ ಹೇಳಲೇ ಇಲ್ಲವಲ್ಲ?”

“ನೀನು ಕೇಳಿದೆಯೇನೋ?”

ಕಾಗದವನ್ನು ಮತ್ತೆ ನೋಡಿದೆವು. ಪೆನಿಸಿಲಿನ್ ಎಂಬ ಹೆಸರಿನ ಕೆಳಗೆ ‘ದೃಢೀಕರಣದ ಸ್ಥಿತಿ’ ಎಂಬ ಅರ್ಥದ ಒಂದು ಸಾಲಿತ್ತು. ಅದರ ಮುಂದೆ ಎರಡು ಜೊತೆ ಆವರಣಚಿಹ್ನೆಗಳು, ಅವುಗಳ ನಡುವೆ ‘ಆಬ್ಜೆಕ್ಟ್’ ಎಂಬ ಒಂದೇ ಪದ. ‘ಇಲ್ಲಿ ಒಳಗೆ ಇನ್ನೇನೋ ಇದೆ, ನಾನು ತೋರಿಸಲಿಲ್ಲ’ ಎಂದು ಯಂತ್ರ ಹೇಳುವ ಬಗೆ ಅದು. ಮನೆಗೆ ಹೋಗಿ ಮಗ ಮೂಲ ಕಡತವನ್ನು ತೆರೆದು ನೋಡಿದಾಗ, ಆ ಮುಚ್ಚಿದ ಜಾಗದಲ್ಲಿ ಇದ್ದುದು ‘ನಿರಾಕೃತ’ ಎಂಬ ಅರ್ಥದ ಪದ. ಅಂದರೆ ಅಲರ್ಜಿ ಇದೆಯೆಂಬ ಹಳೆಯ ನಮೂದನ್ನು ವೈದ್ಯರು ಪರೀಕ್ಷಿಸಿ ಅಲ್ಲಗಳೆದಿದ್ದರು. ದಾಖಲೆಯಲ್ಲಿ ಸತ್ಯವಿತ್ತು, ಮುದ್ರಣದಲ್ಲಿ ಮಾತ್ರ ಇರಲಿಲ್ಲ.

ಇದು ಚಿಕ್ಕ ವಿಷಯವೆಂದು ಯಾರೂ ಭಾವಿಸಬಾರದು. ಅಮೆರಿಕದಲ್ಲಿ ಸುಮಾರು ಹತ್ತರಲ್ಲಿ ಒಬ್ಬರ ದಾಖಲೆಯಲ್ಲಿ ಪೆನಿಸಿಲಿನ್ ಅಲರ್ಜಿಯ ನಮೂದಿದೆ. ಆದರೆ ಪರೀಕ್ಷಿಸಿ ನೋಡಿದಾಗ ಅವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿಗೆ ಆ ಅಲರ್ಜಿ ಇರುವುದಿಲ್ಲ. ಸುಳ್ಳು ನಮೂದಿನಿಂದ ಸರಳವಾದ, ಅಗ್ಗದ, ಪರಿಣಾಮಕಾರಿಯಾದ ಔಷಧ ತಪ್ಪಿ, ಅದರ ಬದಲಿಗೆ ಹೆಚ್ಚು ವ್ಯಾಪಕವಾಗಿ ಕೊಲ್ಲುವ ಪ್ರತಿಜೀವಕಗಳನ್ನು ಕೊಡಬೇಕಾಗುತ್ತದೆ. ಅವು ಕರುಳಿನ ಹಿತಕಾರಿ ಜೀವಾಣುಗಳನ್ನೂ ಕೊಂದು ಕಠಿಣವಾದ ಭೇದಿಗೆ ದಾರಿ ಮಾಡುತ್ತವೆ. ವಯಸ್ಸಾದವರಲ್ಲಿ ಅದು ಪ್ರಾಣಾಪಾಯಕ್ಕೂ ಮುಟ್ಟಬಹುದು. ಆ ತಾಯಿಯವರ ಜ್ಞಾಪಕಶಕ್ತಿ ಚುರುಕಾಗಿತ್ತು, ಅವರು ಎಚ್ಚರದಲ್ಲಿದ್ದರು. ಜ್ವರದ ಮಂಪರಿನಲ್ಲಿ ತುರ್ತು ಚಿಕಿತ್ಸೆಗೆ ಹೋಗಿದ್ದರೆ ಅವರ ಪರವಾಗಿ ಮಾತನಾಡುತ್ತಿದ್ದುದು ಆ ಕಾಗದ ಮಾತ್ರ.

ಒಂದರೊಳಗೊಂದು ಅಡಕವಾದ ದತ್ತಾಂಶವನ್ನು ಓದಲು ಬರುವಂತೆ ಮುದ್ರಿಸುವುದು ಪ್ರೋಗ್ರಾಂ ಬರೆಯುವವರ ಪುರುಸೊತ್ತಿನ ಅಲಂಕಾರವಲ್ಲ, ಓದುಗನ ಬಗೆಗಿನ ಹೊಣೆಗಾರಿಕೆ. ಇದು ನಮ್ಮ ಖಚಿತ ಅಭಿಪ್ರಾಯ. ನಮ್ಮ ಸಂಘದ ಸದಸ್ಯರಲ್ಲಿ ಬಹುಪಾಲು ಮಂದಿ ಇದೇ ಕಸುಬಿನವರಾದ್ದರಿಂದ ವೈದ್ಯರಾದ ನಾವು ಈ ಮಾತನ್ನು ಆಡುವ ಧೈರ್ಯ ಮಾಡುತ್ತಿದ್ದೇವೆ.

ಬೆಳ್ಳುಳ್ಳಿಯ ಗಡ್ಡೆ, ರಕ್ತದೊತ್ತಡದ ಲೆಕ್ಕ

ಕಂಪ್ಯೂಟರ್ ಕಸುಬಿನವರಲ್ಲದ ಓದುಗರಿಗಾಗಿ ಎರಡು ಮಾತು. ನಮ್ಮೂರಿನ ಬೆಳ್ಳುಳ್ಳಿಯ ಗಡ್ಡೆಯನ್ನು ನೆನೆಯಿರಿ. ಹೊರಗೊಂದು ಸಿಪ್ಪೆ, ಅದರೊಳಗೆ ಹತ್ತಾರು ಎಸಳು, ಪ್ರತಿ ಎಸಳಿಗೂ ಮತ್ತೆ ತನ್ನದೇ ಸಿಪ್ಪೆ. ಇಂದಿನ ದತ್ತಾಂಶಗಳ ಜೋಡಣೆಯೂ ಹೀಗೆಯೇ. ಒಂದು ಆವರಣದೊಳಗೆ ಕೆಲವು ಅಂಶಗಳು, ಒಂದೊಂದು ಅಂಶದೊಳಗೂ ಮತ್ತೊಂದು ಆವರಣ. ಇದನ್ನು ಅಕ್ಷರಗಳಲ್ಲಿ ಬರೆಯಲು ಬಳಕೆಯಲ್ಲಿರುವ ಕ್ರಮಗಳಲ್ಲಿ ಹೆಸರಾದದ್ದು ‘ಜೇಸನ್’. ಡಗ್ಲಸ್ ಕ್ರಾಕ್‌ಫರ್ಡ್ ಅವರು 2000ದ ದಶಕದ ಆರಂಭದಲ್ಲಿ ಇದನ್ನು ಬಳಕೆಗೆ ತಂದದ್ದು ಇದೇ ಬೇ ಏರಿಯಾದಲ್ಲಿ.

ನಾವು ವೈದ್ಯರು ‘140/90’ ಎಂದು ಆರು ಗುರುತುಗಳಲ್ಲಿ ಬರೆದು ಮುಗಿಸುವ ರಕ್ತದೊತ್ತಡವನ್ನು ತೆಗೆದುಕೊಳ್ಳಿ. ಆಸ್ಪತ್ರೆಗಳು ಪರಸ್ಪರ ದಾಖಲೆ ಹಂಚಿಕೊಳ್ಳಲು ‘ಫೈರ್’ ಎಂಬ ಮಾನಕ ರೂಢಿಯಲ್ಲಿದೆ. ಅದರಲ್ಲಿ ಇದೇ ರಕ್ತದೊತ್ತಡ ಒಂದು ದೊಡ್ಡ ಗಡ್ಡೆಯಾಗುತ್ತದೆ. ಹೊರಗೆ ‘ವೀಕ್ಷಣೆ’ ಎಂಬ ಆವರಣ, ಅದರೊಳಗೆ ಎರಡು ಘಟಕಗಳ ಪಟ್ಟಿ. ಪ್ರತಿ ಘಟಕದೊಳಗೆ ಒಂದು ಸಂಕೇತ ಮತ್ತು ಒಂದು ಮೌಲ್ಯ. ಸಂಕೇತದೊಳಗೆ ಮತ್ತೊಂದು ಪಟ್ಟಿ, ಆ ಪಟ್ಟಿಯೊಳಗೆ ಮೇಲಿನ ಒತ್ತಡಕ್ಕೆ 8480-6, ಕೆಳಗಿನ ಒತ್ತಡಕ್ಕೆ 8462-4 ಎಂಬ ಸಂಖ್ಯೆಗಳು. ಮೌಲ್ಯದೊಳಗೆ ಅಂಕಿ ಬೇರೆ, ಅಳತೆಯ ಮಾನ ಬೇರೆ. ಯಂತ್ರಕ್ಕೆ ಇದು ಹಿತಕರ, ಏಕೆಂದರೆ ಯಾವ ಅಂಕಿ ಯಾವುದರದ್ದೆಂಬ ಅನುಮಾನಕ್ಕೆ ಎಡೆಯೇ ಇರುವುದಿಲ್ಲ. ಆದರೆ ಇದನ್ನೇ ಉದ್ದನೆಯ ಒಂದೇ ಸಾಲಿನಲ್ಲಿ ಮನುಷ್ಯನ ಮುಂದಿಟ್ಟರೆ ಸಿಪ್ಪೆ ಯಾವುದು, ಎಸಳು ಯಾವುದು ಎಂದು ತಿಳಿಯದೆ ಕಣ್ಣು ಸೋಲುತ್ತದೆ.

ಅಮೆರಿಕದಲ್ಲಿ 21ನೆಯ ಶತಮಾನದ ಚಿಕಿತ್ಸಾ ಕಾಯಿದೆ 2016ರಲ್ಲಿ ಅಂಗೀಕಾರವಾಯಿತು. ಅದರ ಅಡಿಯಲ್ಲಿ, ರೋಗಿಗೆ ಸಲ್ಲಬೇಕಾದ ಮಾಹಿತಿಯನ್ನು ತಡೆಹಿಡಿಯಬಾರದೆಂಬ ನಿಯಮ 2021ರ ಏಪ್ರಿಲ್ 5ರಿಂದ ಜಾರಿಯಲ್ಲಿದೆ. ಭಾರತದಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 2021ರ ಸೆಪ್ಟೆಂಬರ್‌ನಲ್ಲಿ ದೇಶವ್ಯಾಪಿಯಾಯಿತು. ಅದರ 14 ಅಂಕಿಗಳ ‘ಆಭಾ’ ಸಂಖ್ಯೆ ಈಗ ನಮ್ಮ ತಂದೆತಾಯಿಯರಲ್ಲಿ ಅನೇಕರ ಬಳಿ ಇದೆ. ಆ ವ್ಯವಸ್ಥೆಯೂ ಇದೇ ಫೈರ್ ಮಾನಕವನ್ನು ಅನುಸರಿಸುತ್ತದೆ. ಹೀಗೆ ಎರಡು ದೇಶಗಳ ದಾಖಲೆಗಳೂ ಒಂದೇ ಬಗೆಯ ಗಡ್ಡೆಗಳಾಗಿ ನಮ್ಮ ಕೈಗೆ ಬರುವ ಕಾಲ ಇದು. ದಾಖಲೆಯನ್ನು ಪಡೆಯುವ ಹಕ್ಕು ಸಿಕ್ಕಿದೆ. ಓದಲು ಬಾರದಿದ್ದರೆ ಆ ಹಕ್ಕು ಬೀಗದ ಕೈಯಿಲ್ಲದ ಪೆಟ್ಟಿಗೆಯಂತೆ.

ಹಳೆಯ ಪ್ರಶ್ನೆ, ಹತ್ತಿರದ ಉತ್ತರ

ಅಡಕವಾದುದನ್ನು ಹೇಗೆ ಬಿಡಿಸಿ ತೋರಿಸಬೇಕೆಂಬ ಪ್ರಶ್ನೆ ಹೊಸದಲ್ಲ. ಜಾನ್ ಮೆಕಾರ್ಥಿ ಅವರು 1958ರ ಹೊತ್ತಿಗೆ ರೂಪಿಸಿದ ಲಿಸ್ಪ್ ಭಾಷೆಯಲ್ಲಿ ಎಲ್ಲವೂ ಆವರಣಚಿಹ್ನೆಗಳೊಳಗೆ ಆವರಣಚಿಹ್ನೆಗಳು. ಓದಲು ಬಾರದೆ ಕಂಗೆಟ್ಟವರೇ ಅದನ್ನು ಒಪ್ಪವಾಗಿ ಮುದ್ರಿಸುವ ಪ್ರೋಗ್ರಾಂಗಳನ್ನು ಬರೆದರು. 1973ರಲ್ಲಿ ಎಂಐಟಿಯ ಐರಾ ಗೋಲ್ಡ್‌ಸ್ಟೈನ್ ಅವರು ಇದೇ ವಿಷಯದ ಮೇಲೆ ಒಂದು ಟಿಪ್ಪಣಿಯನ್ನು ಪ್ರಕಟಿಸಿದರು. ಮುಂದೆ ನಮ್ಮ ನೆರೆಯ ಸ್ಟ್ಯಾನ್‌ಫರ್ಡ್‌ನಲ್ಲಿ ಡೆರೆಕ್ ಆಪೆನ್ ಅವರು ಒಂದು ಸೊಗಸಾದ ವಿಧಾನವನ್ನು ಕಂಡುಕೊಂಡರು. ಅದರ ವರದಿ ಹೊರಬಂದುದು 1979ರಲ್ಲಿ, ವಿದ್ವತ್ ಪತ್ರಿಕೆಯಲ್ಲಿ ಪ್ರಕಟವಾದುದು 1980ರಲ್ಲಿ. ಗಿಲ್‌ರಾಯ್‌ನ ಬೆಳ್ಳುಳ್ಳಿ ಹಬ್ಬ ಮೊದಲು ನಡೆದದ್ದೂ ಆ 1979ರಲ್ಲಿಯೇ. 101ನೆಯ ಹೆದ್ದಾರಿಯ ಒಂದು ತುದಿಯಲ್ಲಿ ಗಡ್ಡೆಯ ಹಬ್ಬ, ಇನ್ನೊಂದೆಡೆ ಗಡ್ಡೆ ಬಿಡಿಸುವ ಶಾಸ್ತ್ರ!

ಆಪೆನ್ ಅವರ ವಿಧಾನದ ತಿರುಳನ್ನು ಯಾರು ಬೇಕಾದರೂ ಗ್ರಹಿಸಬಹುದು. ಒಂದು ಗುಂಪು ಒಂದು ಸಾಲಿನಲ್ಲಿ ಹಿಡಿಯುವುದಾದರೆ ಒಂದೇ ಸಾಲಿನಲ್ಲಿಡು. ಹಿಡಿಯದಿದ್ದರೆ ಹೊರಗಿನ ಗುಂಪನ್ನು ಮೊದಲು ಮುರಿ, ಒಳಗಿನದನ್ನು ಆದಷ್ಟೂ ಒಟ್ಟಾಗಿ ಉಳಿಸು. ಒಳಗಿನದನ್ನು ಒಂದಿಷ್ಟು ಒಳಕ್ಕೆ ಸರಿಸಿ ಬರೆ. ಊಟದ ಕ್ಯಾರಿಯರ್ ಬಿಚ್ಚುವಾಗ ನಮ್ಮ ತಾಯಂದಿರು ಮಾಡುವುದೂ ಇದನ್ನೇ. ಡಬ್ಬಿಗಳನ್ನು ಒಂದೊಂದಾಗಿ ಇಳಿಸಿ ಸಾಲಾಗಿ ಇಡುತ್ತಾರೆ, ಅನ್ನದ ಅಗುಳನ್ನೆಲ್ಲ ಎಣಿಸಿ ಹರಡುವುದಿಲ್ಲ. ಮುಂದೆ ಫಿಲಿಪ್ ವಾಡ್ಲರ್ ಈ ಚಿಂತನೆಯನ್ನು ಇನ್ನಷ್ಟು ಸರಳಗೊಳಿಸಿದರು. ಇಂದು ಜಾವಾಸ್ಕ್ರಿಪ್ಟ್ ಬರೆಯುವವರು ದಿನನಿತ್ಯ ಬಳಸುವ, 2017ರಲ್ಲಿ ಬಂದ ‘ಪ್ರೆಟಿಯರ್’ ಎಂಬ ಸಲಕರಣೆಯ ಬೇರು ವಾಡ್ಲರ್ ಅವರ ಬರಹದಲ್ಲಿದೆ.

ಎರಡು ಅತಿಗಳನ್ನೂ ಈ ವಿಧಾನ ತಪ್ಪಿಸುತ್ತದೆ. ಎಲ್ಲವನ್ನೂ ಒಂದೇ ಸಾಲಿಗೆ ತುರುಕುವುದು ಒಂದು ಅತಿ. ಪ್ರತಿ ಆವರಣಕ್ಕೂ, ಪ್ರತಿ ಅಂಕಿಗೂ ಒಂದೊಂದು ಸಾಲು ಕೊಟ್ಟು, ಒಂದು ರಕ್ತದೊತ್ತಡಕ್ಕೆ ಒಂದು ಇಡೀ ಪುಟವನ್ನು ತಿನ್ನಿಸುವುದು ಇನ್ನೊಂದು ಅತಿ. ಓದುಗನಿಗೆ ಬೇಕಾದದ್ದು ಇಷ್ಟೇ:

ರಕ್ತದೊತ್ತಡ
    ಮೇಲಿನದು: 140
    ಕೆಳಗಿನದು: 90

ನಮ್ಮ ನಾಡಿನವರಿಗೆ ಈ ಬಗೆಯ ಜೋಡಣೆ ಅಪರಿಚಿತವೇನೂ ಅಲ್ಲ. ಊರಿನಲ್ಲಿ ಪಿತ್ರಾರ್ಜಿತ ಜಮೀನಿನ ಖಾತೆ ಬದಲಾವಣೆಗೆ ನಾಡಕಚೇರಿಯಿಂದ ವಂಶವೃಕ್ಷದ ಕಾಗದವನ್ನು ಮಾಡಿಸಿದವರು ನಮ್ಮಲ್ಲಿ ಅನೇಕರಿದ್ದಾರೆ. ಅಜ್ಜನ ಕೆಳಗೆ ಮಕ್ಕಳು, ಮಕ್ಕಳ ಕೆಳಗೆ ಮೊಮ್ಮಕ್ಕಳು. ಆ ಕಾಗದದಲ್ಲಿ ಹೆಸರುಗಳು ಎಲ್ಲವೂ ಇದ್ದು, ಯಾರು ಯಾರ ಕೆಳಗೆಂಬುದು ಮಾತ್ರ ತಿಳಿಯದಿದ್ದರೆ ಎಂಥ ವ್ಯಾಜ್ಯ ಹುಟ್ಟೀತೆಂದು ವಿವರಿಸಬೇಕಿಲ್ಲ.

ಮೂರು ಮೋಸಗಳು

ಮುದ್ರಣ ಅಂದವಾಗಿದ್ದ ಮಾತ್ರಕ್ಕೆ ನಂಬಿಕೆಗೆ ಯೋಗ್ಯವೆಂದಲ್ಲ. ಅಭಿಯಂತರ ಮಿತ್ರರಿಂದ ಕೇಳಿ ತಿಳಿದು, ಕೆಲವನ್ನು ನಾವೇ ಮಾಡಿ ನೋಡಿ, ಮೂರು ಮೋಸಗಳನ್ನು ಗುರುತಿಸಿದ್ದೇವೆ.

ಮೊದಲನೆಯದು, ಮುಚ್ಚಿಡುವ ಮೋಸ. ಅನೇಕ ಸಲಕರಣೆಗಳು ಇಂತಿಷ್ಟು ಆಳದವರೆಗೆ ಮಾತ್ರ ಬಿಡಿಸಿ ತೋರಿಸುತ್ತವೆ. ‘ನೋಡ್’ ಎಂಬ ಜಾವಾಸ್ಕ್ರಿಪ್ಟ್ ಪರಿಸರದಲ್ಲಿ, ಬೇರೆಯಾಗಿ ಹೇಳದಿದ್ದರೆ ಈ ಮಿತಿ ಎರಡು ಹಂತ. ಇದು ಕೈಪಿಡಿಯಲ್ಲಿ ಬರೆದಿರುವ ನಡವಳಿಕೆ, ಪರದೆ ತುಂಬಿ ಹರಿಯದಿರಲೆಂಬ ಸದುದ್ದೇಶದ್ದು. ಆದರೆ ಅಲರ್ಜಿಯ ದಾಖಲೆಯಲ್ಲಿ ಔಷಧದ ಹೆಸರು ಮೇಲಿನ ಹಂತದಲ್ಲಿ ಪದವಾಗಿ ಕುಳಿತಿರಬಹುದು, ಅದನ್ನು ಅಲ್ಲಗಳೆದ ಸಂಕೇತವೋ ಮೂರನೆಯ ಹಂತದಲ್ಲಿ ಅಡಗಿರುತ್ತದೆ. ಆಗ ಆರೋಪ ಕಾಣುತ್ತದೆ, ತೀರ್ಪು ಕಾಣುವುದಿಲ್ಲ. ಔಷಧದ ನಮೂದಿನಲ್ಲಿಯೂ ‘ಚಾಲ್ತಿಯಲ್ಲಿದೆ’, ‘ನಿಲ್ಲಿಸಲಾಗಿದೆ’, ‘ತಪ್ಪಾಗಿ ನಮೂದಾಗಿದೆ’ ಎಂಬ ಸ್ಥಿತಿಗಳಿವೆ. ಸ್ಥಿತಿಯನ್ನು ಬಿಟ್ಟು ಹೆಸರನ್ನಷ್ಟೇ ಮುದ್ರಿಸುವುದು ಅರ್ಧ ಸತ್ಯ. ವೈದ್ಯಕೀಯದಲ್ಲಿ ಅರ್ಧ ಸತ್ಯವು ಸುಳ್ಳಿಗಿಂತ ಅಪಾಯಕಾರಿ, ಏಕೆಂದರೆ ಅದನ್ನು ಯಾರೂ ಶಂಕಿಸುವುದಿಲ್ಲ.

ಎರಡನೆಯದು, ಕ್ರಮಗೆಡಿಸುವ ಮೋಸ. ಪೈಥಾನ್ ಭಾಷೆಯ ‘ಪಿಪ್ರಿಂಟ್’ ಎಂಬ ಸಲಕರಣೆ, ಬೇಡವೆಂದು ಹೇಳದಿದ್ದರೆ, ಅಂಶಗಳನ್ನು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸಿ ಮುದ್ರಿಸುತ್ತದೆ. ಬೇಡವೆನ್ನುವ ಅವಕಾಶವೂ ಬಂದದ್ದು 2019ರ 3.8ನೆಯ ಆವೃತ್ತಿಯಲ್ಲಿ. ಹುಡುಕುವವನಿಗೆ ಈ ಕ್ರಮ ಅನುಕೂಲ. ಆದರೆ ಔಷಧದ ಹೆಸರು, ಪ್ರಮಾಣ, ಎಷ್ಟು ಹೊತ್ತಿಗೊಮ್ಮೆ, ನಿಲ್ಲಿಸಲಾಗಿದೆಯೇ ಎಂಬುವು ಒಂದರ ಪಕ್ಕದಲ್ಲೊಂದು ಇರಬೇಕೆಂಬುದು ರೋಗಿಯ ಅಗತ್ಯ. ಅಕ್ಷರಮಾಲೆಗೆ ಆ ಅಗತ್ಯ ಗೊತ್ತಿಲ್ಲ.

ಮೂರನೆಯದು, ನಮಗೆ ಇನ್ನೂ ಹತ್ತಿರವಾದದ್ದು, ಕನ್ನಡವನ್ನೇ ಕೆಡಿಸುವ ಮೋಸ. ನಮ್ಮ ಸ್ವಯಂಸೇವಕರ ಬಳಗದಲ್ಲೊಮ್ಮೆ ಕನ್ನಡ ಕಲಿಯುವ ಮಕ್ಕಳ ಹೆಸರಿನ ಪಟ್ಟಿಯನ್ನು ಮುದ್ರಿಸಿದಾಗ ಒಂದೂ ಕನ್ನಡ ಅಕ್ಷರ ಕಾಣಲಿಲ್ಲ. ಕಾರಣ ಸರಳ. ಪೈಥಾನಿನ ಜೇಸನ್ ಮುದ್ರಣ, ಬೇರೆಯಾಗಿ ಹೇಳದಿದ್ದರೆ, ಇಂಗ್ಲಿಷಿನ ಮೂಲ ಅಕ್ಷರಗಳಲ್ಲದ ಎಲ್ಲವನ್ನೂ ಸಂಕೇತಗಳಾಗಿ ಬದಲಿಸುತ್ತದೆ. ‘ಕ’ ಎಂಬಲ್ಲಿ ಒಂದು ಹಿಮ್ಮುಖ ಓರೆಗೆರೆ, ಯು ಎಂಬ ಆಂಗ್ಲ ಅಕ್ಷರ, ಅದರ ಮುಂದೆ ಸೊನ್ನೆ, ಸಿ, ಒಂಬತ್ತು, ಐದು. ‘ಕನ್ನಡ’ ಎಂಬ ಪದವನ್ನು ಯೂನಿಕೋಡ್ ಐದು ಸಂಕೇತಬಿಂದುಗಳಾಗಿ ಎಣಿಸುತ್ತದೆ: ಕ, ನ, ಹಲಂತದ ಗುರುತು, ಮತ್ತೊಂದು ನ, ಡ. ಒಂದೊಂದಕ್ಕೂ ಆರು ಗುರುತಿನಂತೆ ಮೂರಕ್ಷರದ ನಮ್ಮ ನುಡಿಯ ಹೆಸರು ಮೂವತ್ತು ಗುರುತುಗಳ ಗೋಜಲಾಗುತ್ತದೆ. ಕನ್ನಡ ಯೂನಿಕೋಡಿನ ಮೊದಲ ಆವೃತ್ತಿಯಿಂದಲೇ, ಅಂದರೆ 1991ರಿಂದಲೇ ಇದೆ. ಇಷ್ಟು ವರ್ಷಗಳ ಬಳಿಕವೂ ಅದನ್ನು ತೋರಿಸಲು ‘ದಯವಿಟ್ಟು’ ಎಂದು ಕೇಳಬೇಕಾಗಿದೆ. ಕೇಳುವುದು ಕಷ್ಟವಲ್ಲ, ಒಂದು ಆಯ್ಕೆಯನ್ನು ‘ಸುಳ್ಳು’ ಎಂದು ಬರೆದರೆ ಸಾಕು. ಕೇಳಬೇಕೆಂಬುದು ತಿಳಿದಿರಬೇಕು, ಅಷ್ಟೇ.

ಇನ್ನೂ ಒಂದು ಸ್ವಾರಸ್ಯವಿದೆ. ಪೈಥಾನಿನ ಇನ್ನೊಂದು ಮುದ್ರಣಕ್ರಮದಲ್ಲಿ ಕನ್ನಡ ಸರಿಯಾಗಿಯೇ ಕಾಣುತ್ತದೆ, ಆದರೆ ನಮ್ಮೂರಿನ ಹೆಸರು ಮಾತ್ರ ಒಡೆಯುತ್ತದೆ! ‘ಗಿಲ್‌ರಾಯ್’ ಎಂದು ಬರೆಯುವಾಗ ‘ಲ್’ ಮತ್ತು ‘ರಾ’ ಸೇರಿ ಒತ್ತಕ್ಷರವಾಗದಿರಲೆಂದು ನಡುವೆ ಕಣ್ಣಿಗೆ ಕಾಣದ ಒಂದು ಬೇರ್ಪಡಿಕೆಯ ಗುರುತನ್ನು ಇಡುತ್ತೇವೆ. ಯಂತ್ರ ಆ ಗುರುತನ್ನು ‘ಮುದ್ರಿಸಲಾಗದ್ದು’ ಎಂದು ಬಗೆದು, ಹೆಸರಿನ ನಡುವೆಯೇ ಓರೆಗೆರೆಯನ್ನೂ 200ಸಿ ಎಂಬ ಸಂಖ್ಯೆಯನ್ನೂ ತಂದಿಡುತ್ತದೆ. ಅಷ್ಟೇ ಅಲ್ಲ, ನಾವು ನಾಲ್ಕು ಅಕ್ಷರವೆನ್ನುವ ಈ ಹೆಸರು ಯಂತ್ರದ ಎಣಿಕೆಯಲ್ಲಿ ಒಂಬತ್ತು. ಹೀಗಾಗಿ ಕನ್ನಡ ಹೆಸರುಗಳಿರುವ ಪಟ್ಟಿಯ ಕಂಬಸಾಲುಗಳು ಒಂದೂ ನೇರವಾಗಿ ನಿಲ್ಲುವುದಿಲ್ಲ. ಇಂಗ್ಲಿಷನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಅಳತೆಗೋಲು ಅದು.

ಬಲ್ಲವರ ಆಕ್ಷೇಪ

ಈ ಮಾತುಗಳನ್ನು ಆಡಿದಾಗ ಅಭಿಯಂತರ ಮಿತ್ರರು ನಮ್ಮನ್ನು ತಡೆದು ಕೇಳಿದ್ದುಂಟು: “ಡಾಕ್ಟ್ರೇ, ಜೇಸನ್ ಇರುವುದು ಯಂತ್ರಗಳು ತಮ್ಮೊಳಗೆ ಮಾತನಾಡಿಕೊಳ್ಳಲು. ಖಾಲಿ ಜಾಗಗಳನ್ನು ಸೇರಿಸಿದರೆ ಕಡತ ದಪ್ಪವಾಗುತ್ತದೆ, ಸಾಗಣೆ ನಿಧಾನವಾಗುತ್ತದೆ. ಓದಬೇಕೆನ್ನುವವರಿಗೆ ಬೇಕಾದಷ್ಟು ಸಲಕರಣೆಗಳಿವೆಯಲ್ಲ?”

ಆಕ್ಷೇಪದಲ್ಲಿ ತಿರುಳಿದೆ. ಸಾಗಿಸುವಾಗ ಒತ್ತಾಗಿಯೇ ಇರಲಿ, ನಮ್ಮದೇನೂ ತಕರಾರಿಲ್ಲ. ಆದರೆ ಇಡುವ ರೂಪ ಬೇರೆ, ತೋರಿಸುವ ರೂಪ ಬೇರೆ. ಜೇಸನ್ನಿನ ನಿಯಮದಂತೆ ಉದ್ಧರಣ ಚಿಹ್ನೆಗಳ ಹೊರಗಿನ ಖಾಲಿ ಜಾಗಕ್ಕೆ ಅರ್ಥವೇ ಇಲ್ಲ. ಎಷ್ಟು ಬಿಡಿಸಿ ಬರೆದರೂ ದತ್ತಾಂಶ ಬದಲಾಗುವುದಿಲ್ಲ. ಆದ್ದರಿಂದ ಸಾಗಣೆಯ ಹೆಸರಿನಲ್ಲಿ ಓದುಗನನ್ನು ದಂಡಿಸಲು ಕಾರಣವಿಲ್ಲ.

ಈ ಎರಡು ರೂಪಗಳು ಏಕೆ ಬೇರೆಯಾಗಿರಬೇಕೆಂಬುದಕ್ಕೆ ನಮ್ಮ ವೃತ್ತಿಯಿಂದ ಒಂದು ನಿದರ್ಶನ. ಔಷಧದ ಪ್ರಮಾಣವನ್ನು ‘5.0 ಮಿ.ಗ್ರಾಂ’ ಎಂದು ಬರೆಯಬಾರದು, ‘5 ಮಿ.ಗ್ರಾಂ’ ಎಂದೇ ಬರೆಯಬೇಕು. ಚುಕ್ಕೆ ಮಸುಕಾದರೆ ಐದು ಐವತ್ತಾಗುತ್ತದೆ. ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ ಸಂಸ್ಥೆ 2004ರಲ್ಲಿ ಹೊರಡಿಸಿದ ‘ಬಳಸಬಾರದ’ ಬರವಣಿಗೆಗಳ ಪಟ್ಟಿಯಲ್ಲಿ ಈ ಕೊನೆಯ ಸೊನ್ನೆಯೂ ಸೇರಿದೆ. ಆದರೆ ಪೈಥಾನ್ ದಶಮಾಂಶ ಸಂಖ್ಯೆಯನ್ನು 5.0 ಎಂದೇ ಮುದ್ರಿಸುತ್ತದೆ. ಫೈರ್ ಮಾನಕವೂ, ಅಳತೆಯ ನಿಖರತೆ ಉಳಿಯಲೆಂದು, 5.0 ಮತ್ತು 5 ಒಂದೇ ಅಲ್ಲವೆನ್ನುತ್ತದೆ. ಇಬ್ಬರೂ ಸರಿ! ಕಡತದಲ್ಲಿ ಸೊನ್ನೆ ಉಳಿಯಬೇಕು, ಔಷಧದ ಚೀಟಿಯಲ್ಲಿ ಅಳಿಯಬೇಕು. ಇಟ್ಟದ್ದನ್ನೇ ಇಟ್ಟಂತೆ ಮುದ್ರಿಸಿ ಕೈತೊಳೆದುಕೊಳ್ಳುವವರಿಗೆ ಈ ವಿವೇಕ ದಕ್ಕುವುದಿಲ್ಲ.

‘ಓದಬೇಕೆನ್ನುವವರಿಗೆ ಸಲಕರಣೆಗಳಿವೆ’ ಎಂಬ ಮಾತಿಗೆ ನಮ್ಮ ಉತ್ತರ ಇದು: ಆ ಸಲಕರಣೆ ಸದಸ್ಯರ ಬಳಿ ಇದೆ, ಅವರ ತಾಯಿಯ ಬಳಿ ಇಲ್ಲ. ದಾಖಲೆ ತಾಯಿಯದ್ದು.

ಬೇರೆಯವರತ್ತ ಬೆರಳು ತೋರುವ ಮುನ್ನ ನಮ್ಮ ಮನೆಯ ಕಸವನ್ನೂ ಒಪ್ಪಿಕೊಳ್ಳಬೇಕು. ವೈದ್ಯರ ಕೈಬರಹ ಜಗತ್ಪ್ರಸಿದ್ಧ. ಔಷಧಗಳನ್ನು ಓದಲು ಬರುವಂತೆ, ಸಾಧ್ಯವಾದರೆ ದೊಡ್ಡ ಅಕ್ಷರಗಳಲ್ಲಿ ಬರೆಯಿರೆಂದು ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲಿ ನಿಯಮ ತಿದ್ದಬೇಕಾಗಿ ಬಂದದ್ದು ನಮ್ಮ ವೃತ್ತಿಗೆ ಹೆಮ್ಮೆಯ ಸಂಗತಿಯಲ್ಲ. ಕರ್ನಾಟಕದಲ್ಲಿ ಎಂಬಿಬಿಎಸ್ ಓದುತ್ತಿದ್ದ ದಿನಗಳಲ್ಲಿ ನಾವೂ ವಾರ್ಡಿನ ಕೇಸ್ ಶೀಟುಗಳನ್ನು ದಿನಾಂಕದ ಮೇಲೆ ದಿನಾಂಕ, ವರದಿಯ ಮೇಲೆ ವರದಿ ಪೇರಿಸಿಯೇ ಬರೆದವರು. ಯಾವ ಮಾತ್ರೆ ಯಾವ ಕಾಯಿಲೆಗೆಂದು ಹುಡುಕಲು ಗಂಟೆ ಹಿಡಿಯುತ್ತಿತ್ತು. ಇದಕ್ಕೆ ಮದ್ದನ್ನು 1968ರಲ್ಲಿಯೇ ಲಾರೆನ್ಸ್ ವೀಡ್ ಎಂಬ ವೈದ್ಯರು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಸೂಚಿಸಿದ್ದರು. ದಾಖಲೆಯನ್ನು ರೋಗಿಯ ಸಮಸ್ಯೆಗಳ ಪ್ರಕಾರ ಜೋಡಿಸಿ, ಪ್ರತಿ ಸಮಸ್ಯೆಯ ಕೆಳಗೆ ಅದರ ಲಕ್ಷಣ, ಪರೀಕ್ಷೆ, ಯೋಚನೆ, ಚಿಕಿತ್ಸೆಗಳನ್ನು ಬರೆಯಿರಿ ಎಂಬುದು ಅವರ ಸಲಹೆ. ಸಮಸ್ಯೆ ಹೊರಗೆ, ವಿವರ ಒಳಗೆ. ವೈದ್ಯರು ಮತ್ತು ಅಭಿಯಂತರರು ಬೇರೆ ಬೇರೆ ದಾರಿಗಳಿಂದ ಒಂದೇ ಮರದ ಬುಡಕ್ಕೆ ಬಂದು ನಿಂತಿದ್ದರು.

ನಮ್ಮ ವಿನಂತಿ

ಅಭಿಯಂತರರಾದ ಸದಸ್ಯರಲ್ಲಿ ನಮ್ಮ ಕೋರಿಕೆ ದೊಡ್ಡದೇನಲ್ಲ. ಮನುಷ್ಯ ಓದುವ ಯಾವುದನ್ನೇ ಮುದ್ರಿಸುವಾಗ, ಆಳದ ಮಿತಿಯಿಂದ ಏನಾದರೂ ಮುಚ್ಚಿಹೋಗಿದೆಯೇ ಎಂದು ಒಮ್ಮೆ ನೋಡಿ. ಮುಚ್ಚಲೇಬೇಕಾದರೆ, ಮುಚ್ಚಿದ್ದೇನೆ ಎಂಬುದನ್ನು ಸಾಮಾನ್ಯರಿಗೆ ತಿಳಿಯುವ ಮಾತಿನಲ್ಲಿ ಬರೆಯಿರಿ. ಒಟ್ಟಿಗೆ ಓದಬೇಕಾದವನ್ನು ಒಟ್ಟಿಗೆ ಇಡಿ. ಕನ್ನಡವನ್ನು ಕನ್ನಡವಾಗಿಯೇ ಮುದ್ರಿಸಿ. ಕೊನೆಗೆ, ಆ ಕಾಗದವನ್ನು ನಿಮ್ಮ ತಾಯಿಯವರ ಕೈಗೆ ಕೊಟ್ಟು “ಅಮ್ಮಾ, ಇದು ಸರಿಯಿದೆಯಾ?” ಎಂದು ಕೇಳಿ. ಅವರಿಗಿಂತ ಒಳ್ಳೆಯ ಪರೀಕ್ಷಕರು ನಿಮಗೆ ಸಿಗುವುದಿಲ್ಲ.

ಉಳಿದ ಕುಟುಂಬಗಳಿಗೆ: ನಿಮಗೆ ಜೇಸನ್ ಬೇಕಿಲ್ಲ, ಫೈರ್ ಬೇಕಿಲ್ಲ. ಒಂದು ಬಿಳಿ ಹಾಳೆ ಸಾಕು. ಕಾಯಿಲೆಯ ಹೆಸರನ್ನು ಹಾಳೆಯ ಅಂಚಿನಲ್ಲಿ ಬರೆಯಿರಿ, ಅದಕ್ಕೆ ಸೇರಿದ್ದನ್ನು ಎರಡು ಬೆರಳು ಒಳಕ್ಕೆ ಸರಿಸಿ ಬರೆಯಿರಿ. ಉದಾಹರಣೆಗೆ:

ಸಕ್ಕರೆ ಕಾಯಿಲೆ
    ಮೆಟ್‌ಫಾರ್ಮಿನ್ 500 ಮಿ.ಗ್ರಾಂ: ಬೆಳಿಗ್ಗೆ 1, ರಾತ್ರಿ 1, ಊಟದ ಜೊತೆ
ರಕ್ತದೊತ್ತಡ
    ಆಮ್ಲೊಡಿಪಿನ್ 5 ಮಿ.ಗ್ರಾಂ: ಬೆಳಿಗ್ಗೆ 1
    ಅಟೆನೊಲಾಲ್: ವೈದ್ಯರು ನಿಲ್ಲಿಸಿದ್ದಾರೆ
ಅಲರ್ಜಿ
    ಪೆನಿಸಿಲಿನ್: ಇದೆಯೆಂದು ಹಿಂದೆ ಬರೆದಿತ್ತು, ಪರೀಕ್ಷೆಯಲ್ಲಿ ಇಲ್ಲವೆಂದು ತಿಳಿದಿದೆ

ಔಷಧಗಳ ವ್ಯಾಪಾರನಾಮದ ಬದಲು ಮೂಲನಾಮವನ್ನೇ ಬರೆಯಿರಿ. ಊರಿನ ಕ್ರೋಸಿನ್ ಇಲ್ಲಿ ಟೈಲೆನಾಲ್, ಎರಡೂ ಒಂದೇ ಎಂದು ತಿಳಿಯದೆ ಎರಡನ್ನೂ ನುಂಗಿದವರನ್ನು ನಾವು ಕಂಡಿದ್ದೇವೆ. ನಿಲ್ಲಿಸಿದ ಔಷಧವನ್ನು ಅಳಿಸಬೇಡಿ, ನಿಲ್ಲಿಸಿದೆ ಎಂದು ಬರೆಯಿರಿ. ಹಾಳೆಯ ಮೇಲೆ ಬರೆದ ದಿನಾಂಕವಿರಲಿ. ಒಂದು ಪ್ರತಿ ತಂದೆತಾಯಿಯರ ಕೈಚೀಲದಲ್ಲಿ, ಒಂದು ಪ್ರತಿ ನಿಮ್ಮ ಫೋನಿನಲ್ಲಿ. ಇಲ್ಲಿನ ವೈದ್ಯರಿಗಾಗಿ ಇಂಗ್ಲಿಷಿನಲ್ಲೊಂದು, ಮನೆಯವರಿಗಾಗಿ ಕನ್ನಡದಲ್ಲೊಂದು.

ಆ ತಾಯಿಯವರು ಊರಿಗೆ ಮರಳುವ ಮುನ್ನ ಮಗ ಅಂಥದೊಂದು ಹಾಳೆಯನ್ನು ಮಾಡಿ ತಂದು ತೋರಿಸಿದರು. ಮುದ್ರಣ ಒಂದೇ ಪುಟ, ಒಂದೆಡೆ ಕನ್ನಡ, ಇನ್ನೊಂದೆಡೆ ಇಂಗ್ಲಿಷ್. ತಾಯಿ ಕನ್ನಡಕ ಏರಿಸಿಕೊಂಡು ಮೇಲಿನಿಂದ ಕೆಳಗಿನವರೆಗೆ ಬೆರಳಿಟ್ಟು ಓದಿದರು. ಓದಿ, ಮೂರನೆಯ ಸಾಲಿನಲ್ಲಿ ನಿಂತು, “ಈ ಮಾತ್ರೆ ಈಗ ಅರ್ಧ ಮಾಡಿದ್ದಾರೆ ಕಣೋ” ಎಂದರು.

ಮಗ ಜೇಬಿನಿಂದ ಪೆನ್ನು ತೆಗೆದು ಅಲ್ಲಿಯೇ ತಿದ್ದಿಕೊಂಡರು.